ಅಪರೂಪಕ್ಕೆ ಓಡಿಸುವ ಕಾರಿನ ಬ್ಯಾಟರಿಯನ್ನು ಸಣ್ಣ ಸೌರ ಫಲಕ ಕಾಪಾಡಬಲ್ಲದೇ?

ಖಂಡಿತ, ಕಾರು ಬಿಸಿಲಿನಲ್ಲಿ ನಿಲ್ಲುವುದಾದರೆ. 10 ವ್ಯಾಟ್‌ನ ಫಲಕ ಸಾಮಾನ್ಯವಾಗಿ ಸಾಕು. ನಿಂತ ಕಾರು ಸುಮ್ಮನಿರುವುದಿಲ್ಲ. ಗಡಿಯಾರ, ಕಳ್ಳತನದ ಅಲಾರಂ, ರಿಮೋಟ್‌ಗಾಗಿ ಕಾದಿರುವ ಬೀಗ ಎಲ್ಲವೂ ಸೇರಿ 20ರಿಂದ 50 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಹೀರುತ್ತಲೇ ಇರುತ್ತವೆ. 50 ಎಂದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಕೆಲವೇ ವಾರಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಆ ಫಲಕ ಸುಮಾರು ಅರ್ಧ ಆಂಪಿಯರ್ ಕೊಡುವುದರಿಂದ ಮೂರು ಗಂಟೆಯಲ್ಲಿ ದಿನದ ನಷ್ಟ ತುಂಬುತ್ತದೆ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ನೆಮ್ಮದಿಯಾಗಿರಬೇಡಿ. ಎಷ್ಟೋ ಕಾರುಗಳಲ್ಲಿ ಕೀಲಿ ತೆಗೆದೊಡನೆ ಅದರ ಸಂಪರ್ಕ ಕಡಿದುಹೋಗುತ್ತದೆ. ನೇರ ಬ್ಯಾಟರಿಗೇ ಜೋಡಿಸಿ. ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು ಎನ್ನುತ್ತೇನೆ: ಬ್ಯಾಟರಿ ಅತಿಯಾಗಿ ತುಂಬದಂತೆ, ರಾತ್ರಿ ವಿದ್ಯುತ್ ಹಿಂದಕ್ಕೆ ಹರಿಯದಂತೆ ಅದು ತಡೆಯುತ್ತದೆ. ಈಗಾಗಲೇ ಇಳಿದುಹೋದ ಬ್ಯಾಟರಿಯನ್ನು ಮೊದಲು ಚಾರ್ಜರ್‌ನಿಂದ ತುಂಬಿಸಿಕೊಳ್ಳಿ.