ಓಪನ್‌ಬಿಎಸ್‌ಡಿ ಹಾಕಿದ ಮೇಲೂ ಅಪ್‌ಡೇಟ್ ಬೇಕು

ಗೋಕರ್ಣದ ಹೋಮ್‌ಸ್ಟೇ ಸರ್ವರ್‌ನಿಂದ ಡೆಬಿಯನ್ ಲಿನಕ್ಸ್ ತೆಗೆದು, ಭದ್ರತೆಗೆ ಹೆಸರಾದ ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಇನ್ನು ಅಪ್‌ಡೇಟ್ ತಲೆಬಿಸಿ ಇಲ್ಲ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಬಿಡಬೇಡಿ. ಶಿರಸಿಯ ಮನೆಯಲ್ಲಿ ನಾನೂ ಇದನ್ನೇ ಮಾಡಿ ಪೆಟ್ಟು ತಿಂದಿದ್ದೇನೆ.

ಇಷ್ಟು ವರ್ಷದಲ್ಲಿ ಎರಡೇ ರಿಮೋಟ್ ತೂತು (ದೂರದಿಂದ ಒಳನುಗ್ಗಬಹುದಾದ ದೋಷ) ಅಂತ ಓಪನ್‌ಬಿಎಸ್‌ಡಿಯವರು ಹೇಳೋದು ಏನೂ ಸೇರಿಸದ ಡೀಫಾಲ್ಟ್ ಇನ್‌ಸ್ಟಾಲ್‌ಗೆ ಮಾತ್ರ. ಪ್ಯಾಕೇಜ್ ಹಾಕುವ ಪಿಕೆಜಿ_ಆಡ್ ಕಮಾಂಡ್‌ನಲ್ಲಿ ವೆಬ್‌ಸೈಟ್ ನಡೆಸುವ ಪಿಎಚ್‌ಪಿ ಹಾಕಿದಿರಿ, ಅದರ ಮೇಲೆ ಬುಕಿಂಗ್ ಪ್ಲಗಿನ್ ಕೂರಿಸಿದಿರಿ, ಅಲ್ಲಿಗೆ ಆ ಲೆಕ್ಕ ಮುಗಿಯಿತು. ಬೇಸ್ ಸಿಸ್ಟಮ್‌ಗೆ ಆಗುವ ಕೋಡ್ ಆಡಿಟ್ ಹೀಗೆ ಸೇರಿಸಿದ ಪ್ಯಾಕೇಜ್‌ಗಳಿಗೆ ಆಗುವುದಿಲ್ಲ.

ನನ್ನ ಪಿಎಚ್‌ಪಿ ಫಾರ್ಮ್‌ನಿಂದ ಮೇಲ್ ಹೋಗುತ್ತಿರಲಿಲ್ಲ. ಕಾರಣ ಸಿಎಚ್‌ರೂಟ್, ಅಂದರೆ ಪ್ರೋಗ್ರಾಮ್ ಒಂದೇ ಫೋಲ್ಡರ್‌ನಿಂದ ಆಚೆ ಹೋಗದಂತೆ ಕಟ್ಟಿಹಾಕುವ ವ್ಯವಸ್ಥೆ. ಕೂತು ಸರಿ ಮಾಡುವ ಬದಲು ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಮ್‌ನ ಸೆಟ್ಟಿಂಗ್‌ನಲ್ಲಿ ಸಿಎಚ್‌ರೂಟ್ ಸಾಲನ್ನೇ ಕಾಮೆಂಟ್ ಮಾಡಿ ನಿಲ್ಲಿಸಿದೆ. ಗಟ್ಟಿ ಬೇಲಿ ಕಟ್ಟಿ ದಣಪೆ ತೆಗೆದಿಟ್ಟ ಹಾಗಾಯಿತು. ಒಂದೂವರೆ ವರ್ಷ ಬೇಸ್ ಸಿಸ್ಟಮ್‌ಗೆ ಪ್ಯಾಚ್ ಹಾಕುವ ಸಿಸ್‌ಪ್ಯಾಚ್ ಕಮಾಂಡ್ ಓಡಿಸಲಿಲ್ಲ. ಒಂದು ರಾತ್ರಿ ಫ್ಯಾನ್ ಸದ್ದು ಜಾಸ್ತಿ ಆಯ್ತು. ಮೇಲ್‌ಲಾಗ್‌ನ (ಮೇಲ್ ದಾಖಲೆಯ) ಕೊನೆಯ ಸಾಲುಗಳನ್ನು ಟೇಲ್ ಕಮಾಂಡ್‌ನಲ್ಲಿ ನೋಡಿದರೆ ಗುರುತಿಲ್ಲದ ವಿಳಾಸಗಳು ಓಡುತ್ತಲೇ ಇದ್ದವು. ಯಾರೋ ಹಳೇ ಪ್ಲಗಿನ್‌ನಿಂದ ಒಳಗೆ ಬಂದಿದ್ದರು. ಕರ್ನಲ್‌ದು ಏನೂ ತಪ್ಪಿರಲಿಲ್ಲ.

ಕೋಡ್ ಗುಣಮಟ್ಟದಲ್ಲಿ ಓಪನ್‌ಬಿಎಸ್‌ಡಿ ಮೇಲು ಅಂತ ನಾನೂ ಒಪ್ಪುತ್ತೇನೆ. ಕೋಡ್ ದೋಷ ಹುಡುಕುವ ವ್ಯಾಲ್‌ಗ್ರಿಂಡ್ ಎಚ್ಚರಿಕೆ ಕೊಟ್ಟಿತು ಅಂತ 2006ರಲ್ಲಿ ಡೆಬಿಯನ್‌ನಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಸಾಲು ತೆಗೆದರು. ಕೀಗಳು ಊಹಿಸುವಷ್ಟು ಸುಲಭವಾದವು. 2008ರವರೆಗೆ ಅದು ಬಯಲಾಗಲಿಲ್ಲ. 2024ರಲ್ಲಿ, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲೇ ದೊಡ್ಡ ತೂತು ಸಿಕ್ಕಿ ಜಿಲಿಬ್‌ಸಿ ಲೈಬ್ರರಿ ಇರುವ ಲಿನಕ್ಸ್‌ಗಳು ಒದ್ದಾಡಿದವು. ಓಪನ್‌ಬಿಎಸ್‌ಡಿ ಉಳಿಯಿತು, ಏಕೆಂದರೆ 2001ರಲ್ಲೇ ಲಾಗ್ ಬರೆಯುವ ಸುರಕ್ಷಿತ ಸಿಸ್‌ಲಾಗ್ ಫಂಕ್ಷನ್ ಬರೆದಿಟ್ಟಿದ್ದರು. ಆದರೆ 2020ರಲ್ಲಿ ಅವರದ್ದೇ ಮೇಲ್ ಸರ್ವರ್ ಓಪನ್‌ಎಸ್‌ಎಂಟಿಪಿಡಿಯಲ್ಲಿ ರೂಟ್ (ಪೂರ್ಣ ಅಧಿಕಾರ) ಸಿಗುವ ತೂತು ಬಂತು. ಪ್ಯಾಚ್ ಹಾಕದವರನ್ನು ಯಾವ ಆಡಿಟ್ ಕಾಪಾಡುತ್ತದೆ ಹೇಳಿ?

ಆರು ತಿಂಗಳಿಗೊಂದು ರಿಲೀಸ್, ಸಪೋರ್ಟ್ ಕೊನೆಯ ಎರಡಕ್ಕೆ ಮಾತ್ರ. ಅಂದರೆ ಒಂದು ವರ್ಷ. ಮೇ ಮತ್ತು ನವೆಂಬರ್‌ನಲ್ಲಿ ಹೊಸ ರಿಲೀಸ್‌ಗೆ ಹೋಗಲು ಸಿಸ್‌ಅಪ್‌ಗ್ರೇಡ್, ಆಮೇಲೆ ಪ್ಯಾಕೇಜ್ ಅಪ್‌ಡೇಟ್‌ಗೆ ಪಿಕೆಜಿ_ಆಡ್ -ಯು. ವಾರಕ್ಕೊಮ್ಮೆ ಸಿಸ್‌ಪ್ಯಾಚ್. ಪ್ಲಗಿನ್‌ಗಳನ್ನು ಪಿಕೆಜಿ_ಆಡ್ ಮುಟ್ಟುವುದಿಲ್ಲ, ಅವುಗಳನ್ನು ನೀವೇ ನೋಡಬೇಕು. ಎಸ್‌ಎಸ್‌ಎಚ್‌ ಲಾಗಿನ್‌ಗೆ ಕೀ ಫೈಲ್ ಮಾತ್ರ ಇಡಿ, ಪಾಸ್‌ವರ್ಡ್ ಬೇಡವೇ ಬೇಡ. ನೆಟ್‌ವರ್ಕ್ ಕಾರ್ಡ್ ಇಂಟೆಲ್‌ದೇ ತಗೊಳ್ಳಿ, ರಿಯಲ್‌ಟೆಕ್ ನನಗೆ ಸರಿ ಬರಲಿಲ್ಲ.

ಮಳೆಗಾಲ ಬೇರೆ ಬಂತು. ಓಪನ್‌ಬಿಎಸ್‌ಡಿಯ ಫೈಲ್ ಸಿಸ್ಟಮ್ ಎಫ್‌ಎಫ್‌ಎಸ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಕರೆಂಟ್ ಹೋದರೆ ಬೂಟ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡುತ್ತದೆ, ಕೆಲವೊಮ್ಮೆ ಕೈಯಾರೆ ಓಡಿಸಬೇಕು. ಯುಪಿಎಸ್ ಇಲ್ಲದೆ ಇಡಬೇಡಿ. ಅದೂ ಕಷ್ಟ ಅಂದರೆ ಜಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಜೊತೆ ಇನ್ನೊಂದು ಬಿಎಸ್‌ಡಿ ಆದ ಫ್ರೀಬಿಎಸ್‌ಡಿ ಹಾಕಿ.