ಮ್ಯಾಂಚೆಸ್ಟರ್ ಯುನೈಟೆಡ್ ಷೇರು ಕೊಂಡರೆ ಕ್ಲಬ್ ವ್ಯವಹಾರದಲ್ಲಿ ನನ್ನ ಮಾತಿಗೂ ಬೆಲೆ ಬರುತ್ತಾ?

ಬೋನಸ್ ಬಂದಿದೆ, ಯುನೈಟೆಡ್ ಷೇರು ಕೊಂಡು ಪಾಲುದಾರ ಆಗಲಾ, ಇಲ್ಲಾ ಎಲ್ಲರ ಹಾಗೆ ಮಾಲೀಕ ಗ್ಲೇಜರ್ ಕುಟುಂಬದ ವಿರುದ್ಧ "ಗ್ಲೇಜರ್ಸ್ ಔಟ್" ಅಂತ ಪೋಸ್ಟ್ ಹಾಕ್ತಾ ಕೂರಲಾ ಅಂತ ಕೇಳಿದ್ದೀರಿ. ಮಾರಾಯ್ರೇ, 2023ರ ಫೆಬ್ರುವರಿಯಲ್ಲಿ ನನಗೂ ಬೋನಸ್ ಬಂದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಕೊಂಡುಬಿಟ್ಟೆ.

ಆಗ ವಾತಾವರಣ ಹಾಗಿತ್ತು. 2022ರ ನವೆಂಬರ್‌ನಲ್ಲಿ ರೊನಾಲ್ಡೊ ಕ್ಲಬ್ ಬಿಟ್ಟ ದಿನವೇ ಗ್ಲೇಜರ್ ಕುಟುಂಬ ಮಾರಾಟದ ಸುಳಿವು ಕೊಟ್ಟಿತ್ತು. ಕತಾರ್‌ನ ಶೇಖ್ ಜಾಸಿಂ ಪೂರ್ತಿ ಕ್ಲಬ್ ಕೊಳ್ಳಲು ಬಂದ. ಇನಿಯೋಸ್ ಅನ್ನುವ ರಾಸಾಯನಿಕ ಕಂಪನಿಯ ಜಿಮ್ ರಾಟ್‌ಕ್ಲಿಫ್ ಕೂಡ ಬಂದರು. ನಮ್ಮದೊಂದು ವಾಟ್ಸಾಪ್ ಗುಂಪು ಇದೆ, ಮಂಗಳೂರಿನ ನೆಹರೂ ಮೈದಾನದಲ್ಲಿ ಒಟ್ಟಿಗೆ ಆಡಿ ಬೆಳೆದವರದ್ದು. ಈಗ ಒಬ್ಬ ದುಬೈ, ಒಬ್ಬ ಬೆಂಗಳೂರು, ಒಬ್ಬ ಇನ್ನೂ ಬಂದರಿನಲ್ಲೇ. ಆ ಚಳಿಗಾಲದಲ್ಲಿ ಗುಂಪಿನಲ್ಲಿ ಗೋಲುಗಳ ಮಾತೇ ಇಲ್ಲ. ಬಡ್ಡಿ ಎಷ್ಟು, ಸಾಲ ಎಷ್ಟು, ಸ್ಟೇಡಿಯಂ ಚಾವಣಿ ಸೋರುತ್ತಿರುವುದಕ್ಕೆ ಯಾರು ಹೊಣೆ, ಇದೇ. ನನಗೆ ಅನಿಸಿತು, ಇಷ್ಟೆಲ್ಲ ಮಾತಾಡುವವನಿಗೆ ಒಂದು ಷೇರಾದರೂ ಬೇಡವೇ?

ವಿದೇಶಿ ಷೇರು ಕೊಳ್ಳುವ ಆ್ಯಪ್ ಒಂದರಲ್ಲಿ ಖಾತೆ ತೆರೆದೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿ "ಎಂಎಎನ್‌ಯು" ಅಂತ ಹುಡುಕಿದರೆ ಸಿಗುತ್ತೆ. ಬೆಲೆ ಆಗ ಏರಿ ಕೂತಿತ್ತು. ಕತಾರ್ ಬಂದ ಮೇಲೆ ಇನ್ನೂ ಏರುತ್ತೆ ಅಂತ ನನ್ನ ಲೆಕ್ಕ. ಆರ್ಡರ್ ಹೋದ ರಾತ್ರಿ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದೆ. "ಓನರ್ ಸಾರ್, ಟ್ಯಾಕಲ್ ಮಾಡೋರು ಒಬ್ಬರನ್ನ ತಗೊಳ್ಳಿ" ಅಂತ ಬಂದರಿನವನ ಉತ್ತರ.

ನೀವು ಕೊಳ್ಳಬೇಕು ಅಂತಿರುವುದು ಕ್ಲಾಸ್ ಎ ಷೇರು. ಪೇಟೆಯಲ್ಲಿ ಸಿಗುವುದು ಅದೊಂದೇ. ಅದರ ಒಂದು ಷೇರಿಗೆ ಒಂದು ಓಟು. ಗ್ಲೇಜರ್ ಮನೆಯವರು ತಮಗೆ ಇಟ್ಟುಕೊಂಡಿರುವುದು ಕ್ಲಾಸ್ ಬಿ. ಅದರ ಒಂದು ಷೇರಿಗೆ ಹತ್ತು ಓಟು. ಪೇಟೆಯಲ್ಲಿರುವ ಅಷ್ಟೂ ಕ್ಲಾಸ್ ಎ ಷೇರುದಾರರು ಒಟ್ಟಾಗಿ ಕೈ ಎತ್ತಿದರೂ ಏನೂ ಅಲ್ಲಾಡಲ್ಲ, 2012ರಲ್ಲಿ ಕಂಪನಿಯನ್ನು ನ್ಯೂಯಾರ್ಕ್ ಪೇಟೆಗೆ ತಂದಾಗಲೇ ಹಾಗೆ ಕಟ್ಟಿದ್ದಾರೆ. ನನ್ನದಂತೂ ಆ್ಯಪ್‌ನ ತುಂಡು ಷೇರುಗಳೂ ಸೇರಿದ ಲೆಕ್ಕ. ಓಟು ಹಾಕಿ ಅನ್ನುವ ಒಂದು ಮೇಲ್ ಕೂಡ ನನಗೆ ಬಂದಿಲ್ಲ.

"ನಾನು ಕೊಟ್ಟ ಹಣ ಕ್ಲಬ್‌ಗಾದರೂ ಹೋಗುತ್ತಲ್ವಾ" ಅಂತ ನೀವು ಬರೆದಿದ್ದೀರಿ. ಇಲ್ಲ. ಪೇಟೆಯಲ್ಲಿ ಕೊಂಡರೆ ಹಣ ಹೋಗುವುದು ಮಾರಿದವನಿಗೆ, ಕ್ಲಬ್‌ಗೆ ಒಂದು ಪೈಸೆಯೂ ಇಲ್ಲ. 2012ರ ಐಪಿಒದಲ್ಲಿ, ಅಂದರೆ ಅಲ್ಲಿನ ಮೊದಲ ಷೇರು ಮಾರಾಟದಲ್ಲಿ ಕೂಡ ಷೇರಿಗೆ 14 ಡಾಲರ್‌ನಂತೆ ಸುಮಾರು 233 ಮಿಲಿಯನ್ ಡಾಲರ್ ಎತ್ತಿದರು, ಅದರಲ್ಲಿ ಅರ್ಧ ಹೆಚ್ಚುಕಮ್ಮಿ ಗ್ಲೇಜರ್‌ಗಳ ಕೈ ಸೇರಿತು. 2022ರಿಂದೀಚೆಗೆ ಡಿವಿಡೆಂಡ್ (ಲಾಭದ ಪಾಲು) ಕೂಡ ಇಲ್ಲ.

ಈಗ ನನಗೆ ನಿಜಕ್ಕೂ ಹೊಡೆತ ಕೊಟ್ಟ ಕಥೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಕೇಳಿ, ಇದನ್ನು ನಾನು ಹೆಂಡತಿಗೂ ಪೂರ್ತಿ ಹೇಳಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಮಾರಾಟ ನಿಂತಿತು ಅಂತ ಸುದ್ದಿ ಬಂದು ಷೇರು ಒಂದೇ ದಿನದಲ್ಲಿ ಶೇ 18ರಷ್ಟು ಬಿತ್ತು. ಅಕ್ಟೋಬರ್‌ನಲ್ಲಿ ಶೇಖ್ ಜಾಸಿಂ ಹಿಂದೆ ಸರಿದ. ಡಿಸೆಂಬರ್ 24ಕ್ಕೆ ರಾಟ್‌ಕ್ಲಿಫ್ ಒಪ್ಪಂದ ಹೊರಬಿತ್ತು: ಗ್ಲೇಜರ್‌ಗಳ ಷೇರಲ್ಲಿ ಕಾಲು ಭಾಗ, ಜೊತೆಗೆ ನಮ್ಮಂಥವರ ಕ್ಲಾಸ್ ಎ ಷೇರಲ್ಲೂ ಕಾಲು ಭಾಗದವರೆಗೆ, ಎರಡಕ್ಕೂ ಒಂದೇ ಬೆಲೆ, ಷೇರಿಗೆ 33 ಡಾಲರ್. ಪೇಟೆಯಲ್ಲಿ ಆಗ ಬೆಲೆ ಇಪ್ಪತ್ತರ ಆಸುಪಾಸು. 33 ನೋಡಿ ನಾನು ಕುಣಿದಾಡಿದೆ.

ಕುಣಿದಿದ್ದಷ್ಟೇ, ಫಾರ್ಮ್ ತುಂಬಲಿಲ್ಲ. ಇಂಥ ಆಫರ್ ತಾನಾಗಿ ಖಾತೆಗೆ ಬರಲ್ಲ. "ನನ್ನ ಷೇರು ಕೊಡುತ್ತೇನೆ" ಅಂತ ನಾವೇ ಒಪ್ಪಿಗೆ ಒತ್ತಬೇಕು. ಆಫರ್ ಇದ್ದದ್ದು ಫೆಬ್ರುವರಿ ಮಧ್ಯದವರೆಗೆ. ಆದರೆ ಆ್ಯಪ್‌ನವರು ತಮ್ಮ ಕಾಗದಪತ್ರಕ್ಕೆ ಸಮಯ ಬೇಕು ಅಂತ ಕೆಲವು ದಿನ ಮೊದಲೇ ಗಡಿ ಹಾಕಿದ್ದರು. "ಕಾರ್ಪೊರೇಟ್ ಆ್ಯಕ್ಷನ್" ಅಂತ ತಲೆಬರಹದ ಮೇಲ್ ಕಳಿಸಿದ್ದರು. ಅದು ಕ್ರೆಡಿಟ್ ಕಾರ್ಡ್ ಆಫರುಗಳ ಜೊತೆ ಪ್ರಮೋಷನ್ಸ್ ಫೋಲ್ಡರಿನಲ್ಲಿ ಬಿದ್ದಿತ್ತು. ನಾನು ನೋಡಿದೆ, ತೆರೆದೆ ಕೂಡ. ಬಿಟ್ಟಿದ್ದು ಬೇಕೂಂತಲೇ.

ಯಾಕೆ ಅಂದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಅಷ್ಟು ದೊಡ್ಡ ಮನುಷ್ಯ 33 ಕೊಡ್ತಾನೆ ಅಂದರೆ ಷೇರಿನ ನಿಜವಾದ ಬೆಲೆ 33 ಅಂತಾಯ್ತಲ್ಲ, ಇವತ್ತಲ್ಲ ನಾಳೆ ಪೇಟೆಯೂ ಅಲ್ಲಿಗೆ ಬಂದೇ ಬರುತ್ತೆ, ನಾನ್ಯಾಕೆ ಈಗ ಮಾರಿ ಮಾಲೀಕತ್ವ ಕಳೆದುಕೊಳ್ಳಲಿ? ಆದರೆ ರಾಟ್‌ಕ್ಲಿಫ್ 33 ಕೊಟ್ಟಿದ್ದು ಷೇರಿಗಲ್ಲ, ಕ್ಲಬ್‌ನ ಫುಟ್‌ಬಾಲ್ ವ್ಯವಹಾರದ ಹಿಡಿತಕ್ಕೆ. ಆ ಹಿಡಿತ ಮಾರುವವರು ಗ್ಲೇಜರ್‌ಗಳು. ನಮಗೂ ಅದೇ ಬೆಲೆ ಕೊಟ್ಟಿದ್ದು ಒಪ್ಪಂದದ ಭಾಗವಾಗಿ, ಒಂದು ಸಲಕ್ಕೆ, ಕಾಲು ಭಾಗಕ್ಕೆ ಮಾತ್ರ. ಅದು ಮುಗಿದ ಮೇಲೆ ಉಳಿದ ಷೇರಿಗೆ 33 ಕೊಡುವ ಅಗತ್ಯ ಯಾರಿಗೂ ಇರಲಿಲ್ಲ. ಕೊಡಲು ಮುಂದೆ ಬಂದವರು ಜಾಸ್ತಿ ಇದ್ದದ್ದರಿಂದ ಎಲ್ಲರದ್ದೂ ಪೂರ್ತಿ ತೆಗೆದುಕೊಳ್ಳಲಿಲ್ಲ, ಹೆಚ್ಚುಕಮ್ಮಿ ಮೂರರಲ್ಲೊಂದು ಷೇರು ತೆಗೆದುಕೊಂಡರು. ನಾನು ಒಪ್ಪಿಗೆ ಒತ್ತಿದ್ದರೆ ಆ ಮೂರರಲ್ಲೊಂದಕ್ಕೆ 33 ಸಿಗುತ್ತಿತ್ತು, ನನ್ನ ನಷ್ಟದ ದೊಡ್ಡ ಪಾಲು ಅಲ್ಲೇ ತೀರುತ್ತಿತ್ತು. ಒತ್ತಲಿಲ್ಲ. ಆಮೇಲೆ ಷೇರು ಇಪ್ಪತ್ತಕ್ಕಿಂತ ಕೆಳಗೆ ಜಾರಿತು. ಒತ್ತದೇ ಇದ್ದದ್ದಕ್ಕೆ ಕಾರಣ ಹಣದ ಆಸೆಗಿಂತ ಆ "ಓನರ್ ಸಾರ್" ಅನ್ನುವ ಮಾತಿನ ಮೋಹ ಅಂತ ಈಗ ಅನಿಸುತ್ತೆ.

ಅಭಿಮಾನಿಗಳು ಷೇರು ಹಿಡಿದು ಕ್ಲಬ್ ಉಳಿಸಿಕೊಳ್ಳುವ ಐಡಿಯಾ ಹೊಸದೂ ಅಲ್ಲ. 1991ರಿಂದ ಯುನೈಟೆಡ್ ಲಂಡನ್ ಪೇಟೆಯಲ್ಲಿತ್ತು. ಸಣ್ಣ ಸಣ್ಣ ಷೇರು ಹಿಡಿದ ಅಭಿಮಾನಿಗಳ ಸಂಘವೇ ಇತ್ತು. 1998ರಲ್ಲಿ ಬಿಸ್ಕೈಬಿ ಟಿವಿ ಕಂಪನಿ ಕ್ಲಬ್ ಕೊಳ್ಳಲು ಹೊರಟಾಗ ಅಭಿಮಾನಿಗಳು ಗಲಾಟೆ ಎಬ್ಬಿಸಿದರು, 1999ರಲ್ಲಿ ಸರ್ಕಾರವೇ ಅದನ್ನು ತಡೆಯಿತು. ಆದರೆ 2005ರಲ್ಲಿ ಮಾಲ್ಕಂ ಗ್ಲೇಜರ್ ದೊಡ್ಡ ಷೇರುದಾರರಿಂದ ಕೊಂಡು ಶೇ 75 ದಾಟಿದ ಮೇಲೆ ಆಟ ಮುಗಿಯಿತು. ಹೆಚ್ಚುಕಮ್ಮಿ ಎಲ್ಲವೂ ಅವನ ಕೈಗೆ ಹೋದ ಮೇಲೆ ಉಳಿದವರ ಷೇರನ್ನು 3 ಪೌಂಡ್‌ನಂತೆ ಕಡ್ಡಾಯವಾಗಿ ಕಿತ್ತುಕೊಂಡ. ಅಪ್ಪನ ನೆನಪಿಗೆ ಅಂತ ಷೇರು ಪತ್ರಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿಕೊಂಡಿದ್ದರೂ ಬಿಡುವ ಕಾನೂನಲ್ಲ ಅದು.

ಇನ್ನು ನೀವು ಪ್ರಶ್ನೆಯಲ್ಲಿ ಬರೆದ ಇನ್ನೊಂದು ಮಾತು, "ಗ್ಲೇಜರ್‌ಗಳು ಆಟಗಾರರಿಗೆ ದುಡ್ಡು ಬಿಚ್ಚಲ್ಲ" ಅನ್ನೋದು. ನಾನು ಒಪ್ಪಲ್ಲ. ಪೊಗ್ಬಾಗೆ 89 ಮಿಲಿಯನ್ ಪೌಂಡ್, ಮಗ್ವೈರ್‌ಗೆ 80 ಮಿಲಿಯನ್, ಆಂಟನಿಗೂ ಅಷ್ಟರ ಮೇಲೆಯೇ. ಬಿಚ್ಚಿದ್ದಾರೆ. ಆದರೆ ಯಾರ ದುಡ್ಡು? 2005ರ ಖರೀದಿ ಬೆಲೆ ಸುಮಾರು 790 ಮಿಲಿಯನ್ ಪೌಂಡ್, ಅದರಲ್ಲಿ ಬಹುಪಾಲು ಸಾಲ. ಒಂದು ಭಾಗವನ್ನು ಕ್ಲಬ್‌ನ ಆಸ್ತಿ ಮೇಲೇ ಹೊರಿಸಿದರು. ಹೆಜ್ ಫಂಡ್ ಅನ್ನುವ ಖಾಸಗಿ ಹೂಡಿಕೆ ಸಂಸ್ಥೆಗಳಿಂದ ತಂದ ಇನ್ನೊಂದು ಭಾಗಕ್ಕೆ ಬಡ್ಡಿ ಶೇ 14.25, 2010ಕ್ಕೆ ಅದು ಶೇ 16.25. ಅಲ್ಲಿವರೆಗೆ ದಶಕಗಳ ಕಾಲ ಸಾಲವಿಲ್ಲದ ಕ್ಲಬ್ ಅದು. ಟಿಕೆಟ್, ಜೆರ್ಸಿ, ಟಿವಿ ಹಣದಿಂದ ಬಡ್ಡಿ ಕಟ್ಟಿ, ಉಳಿದದ್ದರಲ್ಲಿ ಆಟಗಾರರನ್ನು ಕೊಂಡರು. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗೆ. ಹಾಗಾಗಿ ಪಬ್‌ನಲ್ಲಿ ಕೂತು ಯಾರು ಎಷ್ಟು ಖರ್ಚು ಮಾಡಿದರು ಅಂತ ಜಗಳ ಆಡೋದು ಸುಮ್ನೆ.

ರಾಟ್‌ಕ್ಲಿಫ್ ಬಂದ ಮೇಲೆ ಏನಾಯ್ತು ನೋಡಿ. ಕೋಚ್ ಟೆನ್ ಹಾಗ್ ಒಪ್ಪಂದವನ್ನು 2024ರ ಜುಲೈನಲ್ಲಿ ವಿಸ್ತರಿಸಿದರು, ಅಕ್ಟೋಬರ್‌ನಲ್ಲಿ ಕಿತ್ತುಹಾಕಿದರು. ನೂರಾರು ನೌಕರರನ್ನು ಮನೆಗೆ ಕಳಿಸಿದರು. ಸೀಸನ್ ನಡುವೆಯೇ ಟಿಕೆಟ್ 66 ಪೌಂಡ್ ಮಾಡಿ ಮಕ್ಕಳಿಗೂ ಪಿಂಚಣಿದಾರರಿಗೂ ಇದ್ದ ರಿಯಾಯಿತಿ ತೆಗೆದರು. 2024-25ರಲ್ಲಿ ತಂಡ 15ನೇ ಸ್ಥಾನ. ಮಾಲೀಕ ಬದಲಾದರೆ ಎಲ್ಲ ಸರಿಹೋಗುತ್ತೆ ಅಂತ ಷೇರಿಗೆ ಕೈ ಹಾಕಿದವನು ನಾನು, ಅದಕ್ಕೇ ಹೇಳ್ತಿದ್ದೇನೆ.

ಹಾಗಂತ ಕೂಗೋದು ದಂಡ ಅಂತ ನಾನು ಹೇಳಲ್ಲ. ಷೇರಿಗಿಂತ ಅದೇ ಮೇಲು. 2021ರ ಏಪ್ರಿಲ್‌ನಲ್ಲಿ ಯುರೋಪಿಯನ್ ಸೂಪರ್ ಲೀಗ್, ಅಂದರೆ ದೊಡ್ಡ ಕ್ಲಬ್‌ಗಳೇ ಸೇರಿ ಕಟ್ಟಹೊರಟ ಪ್ರತ್ಯೇಕ ಲೀಗ್, ಘೋಷಣೆಯಾದಾಗ ಅಭಿಮಾನಿಗಳು ಬೀದಿಗಿಳಿದರು, ಎರಡೇ ದಿನಕ್ಕೆ ಇಂಗ್ಲಿಷ್ ಕ್ಲಬ್‌ಗಳು ಓಡಿದವು. ಮೇ 2ರಂದು ಓಲ್ಡ್ ಟ್ರಾಫರ್ಡ್ ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯ ನಿಲ್ಲಿಸಿದರು. ಅದಾದ ಮೇಲೆಯೇ ಜೋಯೆಲ್ ಗ್ಲೇಜರ್ ಅಭಿಮಾನಿಗಳ ಎದುರು ಬಂದು, ತಮ್ಮಷ್ಟೇ ಓಟಿನ ಬಲ ಇರುವ ಷೇರು ಕೊಡುವ ಮಾತಾಡಿದ್ದು. ಆ ಷೇರು ಬರಲಿಲ್ಲ ಅನ್ನೋದು ಬೇರೆ ವಿಷಯ. ಆದರೆ ಮೈಸೂರಿನಲ್ಲಿ ಕೂತು ನೀವು ಹಾಕುವ ಪೋಸ್ಟಿಗೆ ಆ ಬಲ ಇಲ್ಲ. ಅಲ್ಲಿ ಟಿಕೆಟ್ ಕೊಂಡು ಗೇಟಿನ ಹೊರಗೆ ನಿಲ್ಲುವವರಿಗೆ ಇದೆ.

ನನ್ನ ಮಾತು ಕೇಳುವುದಾದರೆ ಆ ಹಣದಲ್ಲಿ ಸ್ವಲ್ಪ ಇಲ್ಲೇ ಖರ್ಚು ಮಾಡಿ. ಮಾಲೀಕ, ಹಣಕಾಸು ಅಂತ ತಲೆ ಕೆಡಿಸಿಕೊಳ್ಳಲು ನಮ್ಮಲ್ಲೇ ಬೇಕಾದಷ್ಟಿದೆ. 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ಹೈದರಾಬಾದ್ ಎಫ್‌ಸಿ ಎರಡೇ ವರ್ಷದಲ್ಲಿ ಸಂಬಳ ಕೊಡಲಾಗದ ಸ್ಥಿತಿಗೆ ಬಂತು, 2025ರಲ್ಲಿ ದಿಲ್ಲಿಗೆ ಹೋಗಿ ಹೆಸರೇ ಬದಲಾಯಿತು. ಲೀಗ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದೆ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಸಂಬಳ ನಿಲ್ಲಿಸಿತು. ಅಲ್ಲಿನವರು ಮಾಲೀಕ ತೊಲಗಲಿ ಅಂತ ಕೂಗ್ತಾರೆ, ಇಲ್ಲಿ ನಾವು ಮಾಲೀಕ ಬಿಟ್ಟು ಹೋಗದಿರಲಿ ಅಂತ ಬೇಡಿಕೊಳ್ಳಬೇಕು. ಬೆಂಗಳೂರು ಎಫ್‌ಸಿ ಅಭಿಮಾನಿಗಳು ನಿಲ್ಲುವ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಒಂದು ಸಂಜೆ ನಿಂತು ನೋಡಿ. ಅಲ್ಲಿ ನಾಲ್ಕು ಸಾವಿರ ಜನ ಕಮ್ಮಿಯಾದರೆ ಕ್ಲಬ್‌ನವರಿಗೆ ಅದೇ ರಾತ್ರಿ ಗೊತ್ತಾಗುತ್ತೆ.

ಇಷ್ಟು ಓದಿಯೂ ಷೇರು ಕೊಳ್ಳುವುದಾದರೆ ಒಂದೆರಡು ವಿಷಯ. ವಿದೇಶಿ ಷೇರು ಇದ್ದರೆ ಆದಾಯ ತೆರಿಗೆಯ ಐಟಿಆರ್-1 ಫಾರ್ಮ್ ನಡೆಯಲ್ಲ. ಐಟಿಆರ್-2 ಅಥವಾ 3ರಲ್ಲಿ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ವಿವರ) ತುಂಬಬೇಕು, ಒಂದೇ ಷೇರಿದ್ದರೂ ಸರಿ. ಅದರಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು, ನಮ್ಮ ಏಪ್ರಿಲ್-ಮಾರ್ಚ್ ಅಲ್ಲ. ಮತ್ತೆ ಆ್ಯಪ್‌ನಿಂದ ಬರುವ ಮೇಲ್‌ಗಳನ್ನು ಪ್ರಮೋಷನ್ಸ್‌ನಿಂದ ತೆಗೆದು ಇನ್‌ಬಾಕ್ಸ್‌ಗೆ ಬರುವ ಹಾಗೆ ಇವತ್ತೇ ಸೆಟ್ ಮಾಡಿಕೊಳ್ಳಿ.