ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಗ್ರಹಣದ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ಕೆಲವು ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಇದೆ. ಅದೊಂದು ಬಗೆಹರಿದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಪ್ರಶ್ನೆ: ನಾನು ಯಲಹಂಕದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಅಮಾವಾಸ್ಯೆಗೆ ಚಂದ್ರ ಮಧ್ಯೆ ಬಂದರೆ ಸೂರ್ಯಗ್ರಹಣ, ಹುಣ್ಣಿಮೆಗೆ ಭೂಮಿ ಮಧ್ಯೆ ಬಂದರೆ ಚಂದ್ರಗ್ರಹಣ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಹಾಗಾದ್ರೆ ತಿಂಗಳಿಗೆ ಎರಡು ಗ್ರಹಣ ಆಗಬೇಕಲ್ವಾ ಮಿಸ್?" ಅಂದಳು. ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗಿಗೆ ಶಭಾಷ್ ಹೇಳಿ. ಗ್ರಹಣದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ. ಪುಟದಲ್ಲಿ ಜಾಗ ಸಾಲದು ಅಂತ ನಾವು ಸೂರ್ಯ, ಚಂದ್ರ, ಭೂಮಿ ಮೂರನ್ನೂ ಪಕ್ಕಪಕ್ಕದಲ್ಲಿ, ಒಂದೇ ಗೆರೆಯ ಮೇಲೆ ಬರೆದುಬಿಡುತ್ತೇವೆ. ಗೊಂದಲ ಹುಟ್ಟುವುದು ಆ ಚಿತ್ರದಿಂದ. ಅಳತೆ ಸರಿಯಾಗಿಟ್ಟು ನೋಡಿದರೆ ಗ್ರಹಣ ಯಾಕೆ ಅಪರೂಪ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮುಂದಿನ ಕ್ಲಾಸಿಗೆ ಒಂದು ಸುಲಿದ ತೆಂಗಿನಕಾಯಿ, ಒಂದು ಸಣ್ಣ ನಿಂಬೆಹಣ್ಣು, ಅಳತೆ ಟೇಪು ತೆಗೆದುಕೊಂಡು ಹೋಗಿ. 1 ಸೆಂಟಿಮೀಟರ್ ಅಂದರೆ 1,000 ಕಿಲೋಮೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಭೂಮಿಯ ಅಡ್ಡಳತೆ ಸುಮಾರು 12,700 ಕಿ.ಮೀ., ಅದು ತೆಂಗಿನಕಾಯಿ. ಚಂದ್ರನದು ಸುಮಾರು 3,500 ಕಿ.ಮೀ., ಅದು ನಿಂಬೆಹಣ್ಣು. ಈಗ ನಿಂಬೆಹಣ್ಣನ್ನು ಎಷ್ಟು ದೂರ ಹಿಡಿಯಬೇಕು ಅಂತ ಮಕ್ಕಳನ್ನೇ ಕೇಳಿ. ಒಂದಡಿ, ಎರಡಡಿ ಅನ್ನುವವರೇ ಜಾಸ್ತಿ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,000 ಕಿ.ಮೀ. ಅಂದರೆ ನಿಂಬೆಹಣ್ಣು ಇರಬೇಕಾದ್ದು 3.84 ಮೀಟರ್ ಆಚೆ, ಹನ್ನೆರಡು ಅಡಿಗೂ ಮೇಲೆ. ಇದೇ ಲೆಕ್ಕದಲ್ಲಿ ಸೂರ್ಯ ನಾಲ್ಕಂತಸ್ತಿನ ಕಟ್ಟಡದಷ್ಟು ಎತ್ತರದ ಗೋಳ. ಅದು ನಿಮ್ಮ ಶಾಲೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿರುತ್ತದೆ.

ತೆಂಗಿನಕಾಯಿಯ ಹಿಂದೆ ಬೀಳುವ ದಟ್ಟ ನೆರಳು ಎಲ್ಲಾ ಕಡೆ ಒಂದೇ ಅಗಲ ಇರುವುದಿಲ್ಲ. ಸೂರ್ಯ ಭೂಮಿಗಿಂತ ತುಂಬಾ ದೊಡ್ಡದಾದ್ದರಿಂದ ನೆರಳು ಹಿಂದೆ ಹೋಗುತ್ತಾ ಚೂಪಾಗುತ್ತದೆ. ನಿಂಬೆಹಣ್ಣು ಇರುವ ದೂರಕ್ಕೆ ಅದರ ಅಗಲ 9 ಸೆಂಟಿಮೀಟರಿನಷ್ಟು ಮಾತ್ರ. ಚಂದ್ರ ಈ ನೆರಳಿನೊಳಗೆ ಹಾದುಹೋದರೆ ಚಂದ್ರಗ್ರಹಣ.

ಇಷ್ಟೇ ಆಗಿದ್ದರೆ ನಿಮ್ಮ ಹುಡುಗಿ ಹೇಳಿದ ಹಾಗೆ ಪ್ರತಿ ತಿಂಗಳೂ ಆಗಬೇಕಿತ್ತು. ಆದರೆ ಭೂಮಿ ಸೂರ್ಯನನ್ನು ಸುತ್ತುವ ಸಮತಲಕ್ಕೂ ಚಂದ್ರ ಭೂಮಿಯನ್ನು ಸುತ್ತುವ ಸಮತಲಕ್ಕೂ ಮಧ್ಯೆ ಸುಮಾರು 5 ಡಿಗ್ರಿ ಓರೆ ಇದೆ. 5 ಡಿಗ್ರಿ ಅಂದರೆ ಎಷ್ಟು ಮಹಾ ಅನ್ನಿಸಬಹುದು. 3.84 ಮೀಟರ್ ದೂರದಲ್ಲಿ ಅದು 34 ಸೆಂಟಿಮೀಟರ್ ಆಗುತ್ತದೆ, ಒಂದು ಅಡಿಗೂ ಜಾಸ್ತಿ. ನೆರಳಿನ ಅಗಲ 9 ಸೆಂಟಿಮೀಟರ್, ನಿಂಬೆಹಣ್ಣು ಅದರ ಮಟ್ಟಕ್ಕಿಂತ ಒಂದಡಿ ಮೇಲೂ ಹೋಗಬಹುದು, ಒಂದಡಿ ಕೆಳಗೂ ಹೋಗಬಹುದು. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲೋ ಕೆಳಗೋ ಜಾರಿಹೋಗುತ್ತದೆ. ಅಮಾವಾಸ್ಯೆಗೂ ಇದೇ ಕಥೆ. ಚಂದ್ರನ ನೆರಳು ಭೂಮಿಗೆ ತಾಗದೆ ಮೇಲಿಂದಲೋ ಕೆಳಗಿಂದಲೋ ದಾಟಿಹೋಗುತ್ತದೆ. ನಿಂಬೆಹಣ್ಣನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು ಓರೆಯಾಗಿ ಸುತ್ತಿಸಿ. ಆಮೇಲೆ ಬೋರ್ಡು ಬೇಕಾಗುವುದೇ ಇಲ್ಲ.

ಹಾಗಾದರೆ ಗ್ರಹಣ ಆಗುವುದು ಯಾವಾಗ? ಓರೆಯಾಗಿರುವ ಈ ಎರಡು ಸಮತಲಗಳು ಒಂದನ್ನೊಂದು ಒಂದು ಗೆರೆಯಲ್ಲಿ ಕತ್ತರಿಸುತ್ತವೆ. ಆ ಗೆರೆ ಸೂರ್ಯನ ಕಡೆಗೆ ತಿರುಗಿರುವ ದಿನಗಳಲ್ಲಿ ಮಾತ್ರ ಅಮಾವಾಸ್ಯೆ, ಹುಣ್ಣಿಮೆಯ ಚಂದ್ರ ಸರಿಯಾದ ಮಟ್ಟದಲ್ಲಿರುತ್ತದೆ. ಇಂಥ ಕಾಲ ಸುಮಾರು 173 ದಿನಕ್ಕೊಮ್ಮೆ, ಅಂದರೆ ಆರು ತಿಂಗಳಿಗಿಂತ ಸ್ವಲ್ಪ ಮುಂಚೆಯೇ ಬರುತ್ತದೆ. ಒಂದು ತಿಂಗಳಿಗೂ ಕೊಂಚ ಹೆಚ್ಚು ದಿನ ಇರುತ್ತದೆ. ಅಷ್ಟರಲ್ಲಿ ಒಂದು ಅಮಾವಾಸ್ಯೆಯಾದರೂ ಬಂದೇ ಬರುತ್ತದಲ್ಲ, ಅದಕ್ಕೇ ವರ್ಷಕ್ಕೆ ಕಡಿಮೆ ಅಂದರೂ ಎರಡು ಸೂರ್ಯಗ್ರಹಣ ಭೂಮಿಯ ಎಲ್ಲೋ ಒಂದು ಕಡೆ ಆಗುತ್ತವೆ. ಗ್ರಹಣಗಳು ಹದಿನೈದು ದಿನದ ಅಂತರದಲ್ಲಿ ಜೋಡಿಯಾಗಿ ಬರುವುದೂ ಇದರಿಂದಲೇ. 2025ರ ಸೆಪ್ಟೆಂಬರ್ 7, ಭಾದ್ರಪದ ಹುಣ್ಣಿಮೆ, ನಮ್ಮೂರಲ್ಲೇ ಖಗ್ರಾಸ ಚಂದ್ರಗ್ರಹಣ. ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ, ಸೂರ್ಯಗ್ರಹಣ. ಎರಡನೆಯದು ನ್ಯೂಜಿಲೆಂಡ್ ಕಡೆಯವರಿಗೆ ಕಂಡಿತು, ನಮಗೆ ಕಾಣಲಿಲ್ಲ.

ಪ್ರಶ್ನೆ: ಪಂಚಾಂಗದವರು ರಾಹು, ಕೇತು ಹಿಡಿದೇ ಗ್ರಹಣದ ಲೆಕ್ಕ ಹಾಕುತ್ತಾರೆ. ಅದು ಸರಿಯಾಗಿಯೇ ಇರುತ್ತದೆ. ರಾಹು, ಕೇತು ಸುಳ್ಳು ಅನ್ನುವುದಾದರೆ ಲೆಕ್ಕ ಹೇಗೆ ಕೂಡುತ್ತದೆ? (ಮಲ್ಲೇಶ್ವರದ ಹಿರಿಯರೊಬ್ಬರು)

ಉತ್ತರ: ರಾಹು, ಕೇತು ಸುಳ್ಳಲ್ಲ ಸರ್. ಮೇಲೆ ಹೇಳಿದ ಗೆರೆಯ ಎರಡು ತುದಿಗಳೇ ಅವು. ಚಂದ್ರ ಕೆಳಗಿನಿಂದ ಮೇಲಕ್ಕೆ ದಾಟುವ ಬಿಂದು ರಾಹು, ಮೇಲಿಂದ ಕೆಳಕ್ಕೆ ದಾಟುವ ಬಿಂದು ಕೇತು. ಪಂಚಾಂಗದಲ್ಲಿ ಎರಡೂ ಯಾವಾಗಲೂ ಎದುರುಬದುರು ರಾಶಿಯಲ್ಲೇ ಇರುತ್ತವೆ, ನೋಡಿ. ಒಂದೇ ಗೆರೆಯ ತುದಿಗಳು ಇನ್ನು ಹೇಗಿರಲು ಸಾಧ್ಯ? ಅವು ಹಿಂದೆ ಹಿಂದೆ ಚಲಿಸುತ್ತವೆ ಅಂತಲೂ ಪಂಚಾಂಗ ಹೇಳುತ್ತದೆ. ಅದೂ ನಿಜ. ಸೂರ್ಯನ ಸೆಳೆತದಿಂದ ಆ ಗೆರೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತದೆ, 18.6 ವರ್ಷಕ್ಕೆ ಒಂದು ಸುತ್ತು.

ಹಾವು ಬಂದು ನುಂಗುತ್ತದೆ ಅನ್ನುವ ಕಥೆ ಬೇರೆ, ಲೆಕ್ಕ ಬೇರೆ. ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ದೊಡ್ಡ ನೆರಳು ಅಂತ ಆರ್ಯಭಟ ಐದನೇ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಜ್ಯೋತಿಷಿಗಳು ಅದನ್ನು ಬಲ್ಲವರೇ. ಈ ವಿಷಯ ನಮ್ಮ ಮನೆಗಳಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಗ್ರಹಣಗಳಿಗೆ ಇನ್ನೊಂದು ಚಕ್ರ ಇದೆ. 18 ವರ್ಷ 11 ದಿನ 8 ಗಂಟೆ ಕಳೆದರೆ ಸೂರ್ಯ, ಚಂದ್ರ ಮತ್ತು ಈ ಗೆರೆ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬರುತ್ತವೆ, ಅದೇ ಬಗೆಯ ಗ್ರಹಣ ಮತ್ತೆ ಆಗುತ್ತದೆ. ಆದರೆ ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿಬಿಟ್ಟಿರುವುದರಿಂದ ಅದು ಬೇರೆ ದೇಶಕ್ಕೆ ಕಾಣುತ್ತದೆ. ಮೂರು ಚಕ್ರ ಮುಗಿದರೆ ತಿರುಗಿ ನಮ್ಮ ಕಡೆಗೆ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಹಿರಿಯರಿಗೆ ನೆನಪಿರಬಹುದು. ಅದೇ ಸಾಲಿನ ಗ್ರಹಣ 1998ರಲ್ಲಿ ವೆನೆಜುವೆಲಾ ಕಡೆ, 2016ರಲ್ಲಿ ಇಂಡೊನೇಷ್ಯಾದಲ್ಲಿ ಆಯಿತು. ಇನ್ನು 2034ರ ಮಾರ್ಚ್ 20ರಂದು ನಮ್ಮ ದೇಶದ ಉತ್ತರ ತುದಿಗೆ, ಕಾರ್ಗಿಲ್ ಕಡೆಗೆ ಬರಲಿದೆ.

ಪ್ರಶ್ನೆ: 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲಿ ಕೊಡಗಿನ ಕೆಲವು ಕಡೆ ಬಳೆ ಕಂಡಿತು, ನಮಗೆ ಜೆ.ಪಿ. ನಗರದಲ್ಲಿ ಬರೀ ಕುಡುಗೋಲಿನಂಥ ತುಣುಕು. ಇಷ್ಟು ಹತ್ತಿರ ಇದ್ದರೂ ಯಾಕೆ ಹೀಗೆ? ಬಳೆ ಯಾಕೆ, ಪೂರ್ತಿ ಯಾಕೆ ಮುಚ್ಚಲಿಲ್ಲ?

ಉತ್ತರ: ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ಸುಮಾರು 400 ಪಟ್ಟು ದೂರವೂ ಹೌದು. ಹಾಗಾಗಿ ನಮ್ಮ ಕಣ್ಣಿಗೆ ಎರಡೂ ಒಂದೇ ಗಾತ್ರ. ಆದರೆ ಚಂದ್ರನ ದೂರ ಒಂದೇ ಸಮ ಇರುವುದಿಲ್ಲ. ಸುಮಾರು 3,56,000ದಿಂದ 4,06,000 ಕಿ.ಮೀ. ತನಕ ಹೆಚ್ಚುಕಡಿಮೆ ಆಗುತ್ತದೆ. ಹತ್ತಿರ ಇದ್ದಾಗ ಅಡ್ಡ ಬಂದರೆ ಸೂರ್ಯ ಪೂರ್ತಿ ಮುಚ್ಚುತ್ತದೆ, ಅದು ಖಗ್ರಾಸ. ದೂರ ಇದ್ದಾಗ ಬಂದರೆ ಚಂದ್ರನ ದಟ್ಟ ನೆರಳಿನ ತುದಿ ನೆಲ ಮುಟ್ಟುವುದೇ ಇಲ್ಲ. ಸೂರ್ಯನ ಅಂಚು ಸುತ್ತಲೂ ಬಳೆಯಂತೆ ಉಳಿಯುತ್ತದೆ, ಅದು ಕಂಕಣ ಗ್ರಹಣ. ಡಿಸೆಂಬರ್, ಜನವರಿಯಲ್ಲಿ ಭೂಮಿ ಸೂರ್ಯನಿಗೆ ಕೊಂಚ ಹತ್ತಿರ ಇರುತ್ತದೆ, ಸೂರ್ಯ ಒಂಚೂರು ದೊಡ್ಡದಾಗಿ ಕಾಣುತ್ತದೆ. ಆಗ ಬಳೆ ಇನ್ನೂ ಅಗಲ. 2010ರ ಜನವರಿ 15ರಂದು ಕನ್ಯಾಕುಮಾರಿ, ರಾಮೇಶ್ವರದ ಮೇಲೆ ಹೋದ ಕಂಕಣ ಗ್ರಹಣ ಹಿಂದೂ ಮಹಾಸಾಗರದ ಮೇಲೆ 11 ನಿಮಿಷಕ್ಕೂ ಹೆಚ್ಚು ಹೊತ್ತು ಇತ್ತು.

ಬಳೆಯೋ ಪೂರ್ತಿ ಗ್ರಹಣವೋ, ಅದು ಕಾಣುವುದು ನೂರು, ಇನ್ನೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಮಾತ್ರ. 2019ರ ಪಟ್ಟಿ ಕಾಸರಗೋಡು, ಕೊಡಗಿನ ಒಂದು ಭಾಗ, ಊಟಿ ದಾಟಿ ಹೋಯಿತು. ಬೆಂಗಳೂರು ಅದರ ಹೊರಗಿತ್ತು. ಚಂದ್ರಗ್ರಹಣಕ್ಕೆ ಈ ತಾಪತ್ರಯ ಇಲ್ಲ. ನೆರಳು ಬೀಳುವುದು ಚಂದ್ರನ ಮೇಲೇ ಆದ್ದರಿಂದ ಆ ಹೊತ್ತಿಗೆ ಚಂದ್ರ ಕಾಣುವ ಊರಿಗೆಲ್ಲಾ ಗ್ರಹಣ ಕಾಣುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದ ಪಟ್ಟಿ ನಮ್ಮ ಜಮಖಂಡಿಯ ಮೇಲೂ ಹೋಗಿತ್ತು. ಲೆಫ್ಟಿನೆಂಟ್ ಜಾನ್ ಹರ್ಷಲ್ ಅಲ್ಲಿ ದೂರದರ್ಶಕ ಹೂಡಿ ಸೂರ್ಯನ ಅಂಚಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಪರೀಕ್ಷಿಸಿದರು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಇದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹೊಸ ಹಳದಿ ಗೆರೆಯೇ ಹೀಲಿಯಂ ಅನ್ನುವ ಧಾತುವಿನ ಮೊದಲ ಸುಳಿವು. ಜಮಖಂಡಿಯ ಮಕ್ಕಳಿಗೆ ಇದನ್ನು ಪಾಠದಲ್ಲಿ ಹೇಳಬೇಕು.

ಪ್ರಶ್ನೆ: ಚಂದ್ರಗ್ರಹಣದಲ್ಲಿ ಚಂದ್ರ ಕಪ್ಪಾಗುವ ಬದಲು ಕೆಂಪಾಗುವುದು ಯಾಕೆ?

ಉತ್ತರ: ಭೂಮಿಯ ಅಂಚಿನ ಗಾಳಿಯಲ್ಲಿ ತೂರಿಬಂದ ಬಿಸಿಲು ಬಾಗಿ ನೆರಳಿನೊಳಗೂ ಹೋಗುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಗಾಳಿಯಲ್ಲಿ ದೂಳು ಜಾಸ್ತಿ ಇದ್ದರೆ ಆ ಕೆಂಪೂ ಕಡಿಮೆ. ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ 1991ರಲ್ಲಿ ಸಿಡಿದ ಮೇಲೆ, 1992ರ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಹುಡುಕಿದರೂ ಸಿಗದಷ್ಟು ಮಂಕಾಗಿತ್ತು.

ಪ್ರಶ್ನೆ: ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ. ನಾನೇ ನೋಡಿದ್ದೇನೆ. ಇದು ಗುರುತ್ವದ ಪರಿಣಾಮವಾ?

ಉತ್ತರ: ನಿಂತಿದ್ದು ನಿಜ. ಅದಕ್ಕೆ ಕಾರಣ ಗ್ರಹಣ ಅಲ್ಲ. ಒನಕೆಯ ತುದಿ ಸಪಾಟಾಗಿರುತ್ತದೆ, ಮೈ ನೇರವಾಗಿರುತ್ತದೆ. ತಾಳ್ಮೆಯಿಂದ ಹಿಡಿದು ಬಿಟ್ಟರೆ ಯಾವ ದಿನ ಬೇಕಾದರೂ ನಿಲ್ಲುತ್ತದೆ. ನಮ್ಮ ಮೇಲೆ ಚಂದ್ರನ ಸೆಳೆತ ಭೂಮಿಯ ಸೆಳೆತದ ಸುಮಾರು ಮೂರು ಲಕ್ಷದಲ್ಲೊಂದು ಪಾಲು. ಗ್ರಹಣವಿಲ್ಲದ ಅಮಾವಾಸ್ಯೆಯಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ. ನಾಳೆಯೇ, ಮಾಮೂಲಿ ದಿನದಲ್ಲಿ, ಅದೇ ತಟ್ಟೆ, ಅದೇ ಒನಕೆ ಇಟ್ಟು ನೋಡಿ.

ಪ್ರಶ್ನೆ: ಸೊಸೆ ಏಳು ತಿಂಗಳ ಗರ್ಭಿಣಿ. ಗ್ರಹಣದ ದಿನ ಊಟ ಬಿಡಬೇಕಾ? ಮಗುವಿಗೆ ತೊಂದರೆ ಆಗುತ್ತಾ? (ವಿಜಯನಗರದ ಗೃಹಿಣಿ)

ಉತ್ತರ: ಗ್ರಹಣದಿಂದ ಮಗುವಿಗೆ ಏನೂ ಆಗುವುದಿಲ್ಲ ಅಮ್ಮ. ಆ ಹೊತ್ತಿಗೆ ಹೊಸದಾಗಿ ಯಾವ ಕಿರಣವೂ ಹುಟ್ಟುವುದಿಲ್ಲ. ನೆರಳು ಬಿದ್ದು ಬೆಳಕು ಕಡಿಮೆಯಾಗುತ್ತದೆ, ಅಷ್ಟೇ. ಅಡುಗೆಯೂ ಕೆಡುವುದಿಲ್ಲ. ತೊಂದರೆ ಆಗುವುದು ಉಪವಾಸದಿಂದ. 2025ರ ಸೆಪ್ಟೆಂಬರಿನಲ್ಲಿ ಗ್ರಹಣ ಹಿಡಿದದ್ದು ರಾತ್ರಿ 9:57ಕ್ಕೆ, ಬಿಟ್ಟದ್ದು 1:26ಕ್ಕೆ. ವೇಧ (ಗ್ರಹಣಕ್ಕೆ ಮುಂಚಿನ ಉಪವಾಸದ ಹೊತ್ತು) ಅಂತ ಮಧ್ಯಾಹ್ನದಿಂದಲೇ ಊಟ, ನೀರು ಬಿಟ್ಟರೆ ಹನ್ನೆರಡು ಗಂಟೆ ದಾಟುತ್ತದೆ. ಏಳು ತಿಂಗಳ ಹೆಂಗಸಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಅದು ಒಳ್ಳೆಯದಲ್ಲ. ಸಂಪ್ರದಾಯದಲ್ಲೂ ಮಕ್ಕಳು, ವಯಸ್ಸಾದವರು, ಅಶಕ್ತರಿಗೆ ವಿನಾಯಿತಿ ಕೊಟ್ಟಿದ್ದಾರೆ. ನೀವು ದೇವರ ಮುಂದೆ ಕೂತು ಜಪ ಮಾಡಿ, ಸೊಸೆಗೆ ಹೊತ್ತುಹೊತ್ತಿಗೆ ಊಟ ಹಾಕಿ.

ಪ್ರಶ್ನೆ: ಮುಂದಿನ ಗ್ರಹಣಗಳನ್ನು ಬೆಂಗಳೂರಿನಿಂದ ಹೇಗೆ ನೋಡಬಹುದು? ನಾವಿರುವುದು ಫ್ಲ್ಯಾಟಿನಲ್ಲಿ.

ಉತ್ತರ: 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್ ಕಡೆ 6 ನಿಮಿಷಕ್ಕೂ ಹೆಚ್ಚು ಹೊತ್ತು ಖಗ್ರಾಸ ಸೂರ್ಯಗ್ರಹಣ ಇದೆ. ನಮಗೆ ಸಂಜೆ ಹೊತ್ತಿಗೆ ಸೂರ್ಯನ ಒಂದು ಪಾಲು ಮರೆಯಾಗುವುದು ಕಾಣಬಹುದು. ಮಳೆಗಾಲ, ಮೋಡ ಬಿಟ್ಟುಕೊಡಬೇಕು. ಬರಿಗಣ್ಣಿನಲ್ಲಿ ಮಾತ್ರ ನೋಡಬೇಡಿ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸೆಗಣಿ ನೀರು, ಕೂಲಿಂಗ್ ಗ್ಲಾಸ್ ಯಾವುದೂ ಬೇಡ. ಕಣ್ಣಿನ ಒಳಪದರಕ್ಕೆ ನೋವು ಗೊತ್ತಾಗುವುದಿಲ್ಲ, ಸುಟ್ಟದ್ದು ಆಮೇಲೆ ತಿಳಿಯುತ್ತದೆ. ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಆಗುತ್ತದೆ. ಕನ್ನಡಕದಲ್ಲಿ ಗೀರೋ ತೂತೋ ಇದ್ದರೆ ಬಿಸಾಡಿ.

ಮನೆಯವರೆಲ್ಲಾ ಒಟ್ಟಿಗೆ ನೋಡಬೇಕಾದರೆ ಪುಟ್ಟ ಕನ್ನಡಿಯೊಂದರ ಮೇಲೆ ಕಾಗದ ಅಂಟಿಸಿ, ಮಧ್ಯೆ ಉದ್ದಿನಕಾಳಿನಷ್ಟು ತೂತು ಬಿಡಿ. ಪಶ್ಚಿಮದ ಬಾಲ್ಕನಿಯಲ್ಲಿ ಬಿಸಿಲಿಗೆ ಹಿಡಿದು, ಬೆಳಕನ್ನು ಒಳಗಿನ ಕತ್ತಲೆ ಗೋಡೆಗೆ ಬೀಳಿಸಿ. ಗೋಡೆ ಎಷ್ಟು ದೂರವೋ ಅದರ ಸುಮಾರು 107ನೇ ಒಂದು ಪಾಲಿನಷ್ಟು ದೊಡ್ಡ ಸೂರ್ಯ ಮೂಡುತ್ತದೆ. ಐದು ಮೀಟರಿಗೆ ನಾಲ್ಕೂವರೆ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಕಚ್ಚಿದ ಜಾಗ ಚೆನ್ನಾಗಿ ಕಾಣುತ್ತದೆ. ಕನ್ನಡಿಯೊಳಗೆ ಯಾರೂ ಇಣುಕದಂತೆ ನೋಡಿಕೊಳ್ಳಿ.

ಚಂದ್ರಗ್ರಹಣಕ್ಕೆ ಇದ್ಯಾವುದೂ ಬೇಡ, ತಾರಸಿ ಸಾಕು. 2028ರ ಡಿಸೆಂಬರ್ 31ರ ರಾತ್ರಿ ಖಗ್ರಾಸ ಚಂದ್ರಗ್ರಹಣ ಇದೆ. ಎಂಟೂವರೆ ದಾಟಿದ ಮೇಲೆ ಹಿಡಿಯುತ್ತದೆ, ಹತ್ತು ಗಂಟೆ ಹೊತ್ತಿಗೆ ಪೂರ್ತಿ ಕೆಂಪಾಗಿರುತ್ತದೆ. ಬಿಡುವಷ್ಟರಲ್ಲಿ 2029 ಬಂದಿರುತ್ತದೆ. ತಾರಸಿಯ ಬೀಗದ ಕೈ ಅಸೋಸಿಯೇಷನ್‌ನವರ ಹತ್ತಿರ ಸಂಜೆಯೇ ಇಸಿದುಕೊಂಡಿರಿ.